ಹಸುವಿನ ಮುಂಭಾಗ ನಿಮಗೆ, ಹಿಂಭಾಗ ನಮಗೆ

ಅಣ್ಣ ತಮ್ಮ ಹಸು ಪಾಲು ಮಾಡಿಕೊಂಡ ಕಥೆ ಗೊತ್ತಲ್ವಾ? ಮುಂಭಾಗ ತಮ್ಮನಿಗೆ, ಅವನು ಮೇವು ಹಾಕಬೇಕು. ಹಿಂಭಾಗ ಅಣ್ಣನಿಗೆ, ಅವನು ಹಾಲು ಕರೆದುಕೊಳ್ಳುತ್ತಾನೆ. ವೈದ್ಯಕೀಯ ಸಂಶೋಧನೆಯಲ್ಲಿ ಇದನ್ನೇ ಅಂತಾರಾಷ್ಟ್ರೀಯ ಸಹಭಾಗಿತ್ವ ಅನ್ನುತ್ತಾರೆ.

ಬಡ ದೇಶದ ಪಾಲಿಗೆ ರೋಗ, ರೋಗಿ, ರಕ್ತ, ಕಫ, ಜೊತೆಗೆ ಬಿಸಿಲಲ್ಲಿ ಮನೆಮನೆ ಸುತ್ತಿ ಸಹಿ ಹಾಕಿಸಿಕೊಂಡು ಬರುವ ನರ್ಸು. ಶ್ರೀಮಂತ ದೇಶದ ಪಾಲಿಗೆ ದುಡ್ಡು, ಫ್ರೀಜರ್, ಪೇಟೆಂಟ್, ಮತ್ತೆ ಸಂಶೋಧನಾ ಪೇಪರಿನಲ್ಲಿ ಲೇಖಕರ ಪಟ್ಟಿಯ ಮೊದಲ ಹೆಸರು. ಕೊನೆಯ ಹೆಸರೂ ಅವರದ್ದೇ, ಯಾಕಂದ್ರೆ ಬೆಲೆ ಇರುವುದು ಆ ಎರಡು ಜಾಗಕ್ಕೆ ಮಾತ್ರ. ರೋಗಿಯನ್ನು ನಿಜವಾಗಿ ನೋಡಿದ ಡಾಕ್ಟರು ನಡುವೆ ಎಲ್ಲೋ ಇರುತ್ತಾರೆ, ಇದ್ದರೆ. ಹೀಗೆ ಬಂದು ಸ್ಯಾಂಪಲ್ ತುಂಬಿಕೊಂಡು ಹಾರಿಹೋಗುವುದಕ್ಕೆ 'ಹೆಲಿಕಾಪ್ಟರ್ ಸಂಶೋಧನೆ' ಅಂತ ಹೆಸರೂ ಇದೆ. ಅದನ್ನು ಖಂಡಿಸಿ ಪೇಪರ್‌ಗಳೂ ಬರುತ್ತವೆ (ಅಲ್ಲಿ ಮೊದಲ ಹೆಸರು ಯಾರದ್ದು ಅಂತ ಕೇಳಬೇಡಿ).

ಕಥೆಯಲ್ಲಿ ತಮ್ಮ ಒಂದು ದಿನ ಬುದ್ಧಿ ಕಲಿಯುತ್ತಾನೆ. ಅಣ್ಣ ಹಾಲು ಕರೆಯಲು ಕೂತಾಗಲೇ ಹಸುವಿನ ಮೂತಿಗೆ ಕೋಲಿನಿಂದ ಒಂದೇಟು ಹಾಕುತ್ತಾನೆ. ಇಂಡೋನೇಷ್ಯಾ ಮಾಡಿದ್ದೂ ಅದನ್ನೇ. ಹಕ್ಕಿಜ್ವರದ ವೈರಸ್ಸನ್ನು ವಿಶ್ವ ಆರೋಗ್ಯ ಸಂಸ್ಥೆಯ ಪ್ರಯೋಗಾಲಯ ಜಾಲಕ್ಕೆ ಪುಕ್ಕಟೆ ಕಳಿಸುತ್ತಿತ್ತು. ಅದರಿಂದ ಹೊರದೇಶದ ಕಂಪನಿ ಲಸಿಕೆ ಮಾಡಲು ಹೊರಟಿತು, ಆ ಲಸಿಕೆ ಬೇಕಂದ್ರೆ ಇಂಡೋನೇಷ್ಯಾ ದುಡ್ಡು ಕೊಟ್ಟು ಕೊಳ್ಳಬೇಕಿತ್ತು. 2007ರ ಹೊತ್ತಿಗೆ ಆರೋಗ್ಯ ಸಚಿವೆ ಸಿತಿ ಫಾದಿಲಾ ಸುಪಾರಿ ವೈರಸ್ ಕಳಿಸುವುದನ್ನೇ ನಿಲ್ಲಿಸಿದರು. ಅಯ್ಯೋ, ಜಗತ್ತಿಗೇ ಅಪಾಯ ಅಂತ ಗುಲ್ಲೋ ಗುಲ್ಲು! ಅಲ್ಲಿವರೆಗೆ ಜಗತ್ತು ಅಂದ್ರೆ ಅದರಲ್ಲಿ ಇಂಡೋನೇಷ್ಯಾ ಇರಲಿಲ್ಲವೇನೋ. ವರ್ಷಗಟ್ಟಲೆ ಮಾತುಕತೆ ನಡೆದು 2011ರಲ್ಲಿ, ವೈರಸ್ ಹಂಚಿಕೊಂಡರೆ ಲಾಭವನ್ನೂ ಹಂಚಿಕೊಳ್ಳಬೇಕು ಅನ್ನುವ ಒಂದು ಒಪ್ಪಂದ ಆಯಿತು. ಅದೂ ಮಹಾಮಾರಿ ತರಬಲ್ಲ ಫ್ಲೂಗೆ ಮಾತ್ರ. ಬೇರೆ ರೋಗದವರು ಬೇರೆ ಕೋಲು ಹುಡುಕಿಕೊಳ್ಳಬೇಕು.

ದಕ್ಷಿಣ ಆಫ್ರಿಕಾಕ್ಕೆ ಕೋಲು ಸಿಗಲಿಲ್ಲ. ಆಸ್ಟ್ರಾಜೆನೆಕಾ ಕೋವಿಡ್ ಲಸಿಕೆಯ ಪ್ರಯೋಗಕ್ಕೆ ಅಲ್ಲಿನ ಜನ ತೋಳು ಕೊಟ್ಟರು. 2021ರಲ್ಲಿ ಅದೇ ಲಸಿಕೆ ಕೊಳ್ಳಲು ಹೋದರೆ ಡೋಸಿಗೆ 5.25 ಡಾಲರ್. ಯುರೋಪಿಗೆ? ಎರಡು ಡಾಲರ್ ಚಿಲ್ಲರೆ. ಸಂಶೋಧನೆಗೆ ದುಡ್ಡು ಹಾಕಿದವರಿಗೆ ರಿಯಾಯಿತಿಯಂತೆ. ತೋಳು ಹಾಕಿದವರಿಗೆ ಇಲ್ಲ.

ಅದೇ ವರ್ಷ ನವೆಂಬರಿನಲ್ಲಿ ಅಲ್ಲಿನ ವಿಜ್ಞಾನಿಗಳು ಓಮಿಕ್ರಾನ್ ಕಂಡುಹಿಡಿದು, ಮುಚ್ಚಿಡದೆ ಜಗತ್ತಿಗೆ ಹೇಳಿದರು. ಎಲ್ಲರೂ ಬಾಯ್ತುಂಬ ಹೊಗಳಿದರು. ಮರುದಿನದ ಹೊತ್ತಿಗೆ ಒಂದೊಂದೇ ದೇಶ ಅವರ ವಿಮಾನ ಬಂದ್ ಮಾಡುತ್ತಾ ಬಂತು. ವೈರಸ್ಸಿನ ಡೇಟಾಕ್ಕೆ ಮಾತ್ರ ಯಾರೂ ವೀಸಾ ಕೇಳಲಿಲ್ಲ.