ಹೊನ್ನಾವರ, ವಿತ್ ಹೈ ಟೀ

ಸಮುದ್ರ ಒಂದು ಬಿಟ್ಟು ಕರಾವಳಿಯದ್ದೆಲ್ಲ ಬೆಂಗಳೂರಿನಲ್ಲಿ ಸಿಗುತ್ತದೆ. ನೀರುದೋಸೆ, ಗೋಳಿಬಜೆ, ಬಂಗುಡೆ ಫ್ರೈ ಬೀದಿಗೊಂದು ಕಡೆ. ರವೀಂದ್ರ ಕಲಾಕ್ಷೇತ್ರಕ್ಕೆ ಯಕ್ಷಗಾನ ಬಂದು ಎಷ್ಟೋ ಕಾಲವಾಯಿತು. 2023ರಲ್ಲಿ ಕೋಣಗಳನ್ನೇ ಕರೆಸಿ ಅರಮನೆ ಮೈದಾನದಲ್ಲಿ ಕಂಬಳ ಓಡಿಸಿದೆವು. ಬಾಕಿ ಉಳಿದಿದ್ದು ಅಲ್ಲಿನ ಇತಿಹಾಸ ಒಂದೇ. ಈಗ ಅದಕ್ಕೂ ವೀಕೆಂಡ್ ಕೋರ್ಸ್ ಬಂದಿದೆ.

ಕಳೆದ ಭಾನುವಾರ ನಮ್ಮ ಕಡೆಯ ಒಂದು ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಹೊನ್ನಾವರದ ಸರದಿ. ‘ಕೋಸ್ಟಲ್ ಹಿಸ್ಟರಿ ಎಕ್ಸ್‌ಪೀರಿಯನ್ಸ್, ವಿತ್ ಹೈ ಟೀ.’ ಕೊರಳಿಗೊಂದು ಟ್ಯಾಗ್, ಕೈಗೊಂದು ಬಟ್ಟೆ ಚೀಲ, ಚೀಲದೊಳಗೆ ‘ಕಡಲಿನ ನೆನಪಿಗಾಗಿ’ ಒಂದು ಕಪ್ಪೆಚಿಪ್ಪು. ಚಿಪ್ಪಿನ ಬೆನ್ನಿಗೆ ಬಾರ್‌ಕೋಡ್ ಸ್ಟಿಕ್ಕರ್ ಹಾಗೇ ಅಂಟಿಕೊಂಡಿತ್ತು. ಉಗುರಿನಿಂದ ಕೆರೆದು ನೋಡಿದೆ. ಬರಲಿಲ್ಲ.

ಪಾಠ ಹೇಳಲು ಬಂದ ಹುಡುಗನಿಗೆ ‘ಹೆರಿಟೇಜ್ ಕ್ಯುರೇಟರ್’ ಅಂತ ಹುದ್ದೆ. ಸುಮ್ನೆ ಹೇಳಬಾರದು, ಓದಿಕೊಂಡೇ ಬಂದಿದ್ದ. 1340ರ ದಶಕದಲ್ಲಿ ಮೊರಾಕೊದ ಪ್ರವಾಸಿ ಇಬ್ನ್ ಬತೂತ ಹೊನ್ನಾವರಕ್ಕೆ ಬಂದಿದ್ದ, ಊರಲ್ಲಿ ಗಂಡುಮಕ್ಕಳಿಗೆ 23 ಶಾಲೆ, ಹೆಣ್ಣುಮಕ್ಕಳಿಗೆ 13 ಶಾಲೆ ಕಂಡೆ ಎಂದು ಬರೆದಿಟ್ಟ ಅಂದ. ಒಂದು ಬಂದರು ಊರು, ಆ ಕಾಲ, ಹುಡುಗಿಯರಿಗೇ 13 ಶಾಲೆ! ಮೈ ಜುಮ್ಮೆಂದಿತು. ಅಷ್ಟರಲ್ಲಿ ಹಿಂದಿನಿಂದ ಒಬ್ಬರು ಕೈ ಎತ್ತಿದರು. “ಅವು ಸಿಬಿಎಸ್‌ಇನಾ, ಸ್ಟೇಟ್ ಸಿಲಬಸ್ಸಾ?” ಎಲ್ಲರೂ ನಗುತ್ತಾರೆ ಅಂದುಕೊಂಡೆ. ಎಲ್ಲರೂ ಉತ್ತರಕ್ಕೆ ಕಾಯುತ್ತಿದ್ದರು.

ಆಮೇಲೆ ಊಟದ ಸ್ಲೈಡು. ಅಲ್ಲಿನ ಸುಲ್ತಾನನ ಮನೆಯಲ್ಲಿ ಬತೂತ ಉಂಡಿದ್ದನ್ನೂ ಬರೆದಿದ್ದಾನೆ. ರೇಷ್ಮೆ ಉಟ್ಟ ಹೆಂಗಸೊಬ್ಬಳು ತಾಮ್ರದ ತಟ್ಟೆಗೆ ಒಂದು ಸೌಟು ಅನ್ನ ಹಾಕಿ ಮೇಲೆ ತುಪ್ಪ ಬಿಡುತ್ತಿದ್ದಳಂತೆ. ಜೊತೆಗೆ ಉಪ್ಪಿನಲ್ಲಿ ಹಾಕಿದ ಮೆಣಸಿನ ಗೊಂಚಲು, ಶುಂಠಿ, ನಿಂಬೆ, ಮಾವು. ಆಮೇಲೆ ಕೋಳಿ, ಮೀನು, ಪಲ್ಯ, ಒಂದೊಂದಕ್ಕೂ ಮತ್ತೊಂದು ಸೌಟು ಅನ್ನ. ಕೊನೆಗೆ ಮೊಸರು. 11 ತಿಂಗಳು ಇದ್ದನಂತೆ, ರೊಟ್ಟಿಯ ಮುಖ ನೋಡಲಿಲ್ಲವಂತೆ. ಆ ಕಡೆಯ ಮನೆಗಳಲ್ಲಿ ಇವತ್ತಿಗೂ ಎಲೆ ಹಾಕಿದರೆ ಮೊದಲು ಉಪ್ಪಿನಕಾಯಿ, ಕೊನೆಗೆ ಮೊಸರೇ ಅಲ್ವಾ? ಕೇಳುತ್ತಾ ಕೇಳುತ್ತಾ ಬಾಯಲ್ಲಿ ನೀರೂರಿತು. ಆಗಲೇ ಹೈ ಟೀ ಬಂತು. ಪಾಸ್ತಾ.

ಗೇರುಸೊಪ್ಪೆಯ ಚೆನ್ನಭೈರಾದೇವಿಗೆ ಸಿಕ್ಕಿದ್ದು ಒಂದೇ ಸ್ಲೈಡು. 16ನೇ ಶತಮಾನದಲ್ಲಿ ಐದು ದಶಕ ಆಳಿದ ಹೆಂಗಸು, ಪೋರ್ಚುಗೀಸರೇ ‘ಮೆಣಸಿನ ರಾಣಿ’ ಎಂದು ಕರೆದವಳು. ಕಾಡಿನೊಳಗೆ ಉಳಿದಿರುವ ಚತುರ್ಮುಖ ಬಸದಿಯ ಫೋಟೋ ಬಂದ ಕೂಡಲೇ ಸಭೆಗೆ ಜೀವ ಬಂತು. ಡ್ರೋನ್ ಹಾರಿಸಲು ಬಿಡುತ್ತಾರಾ, ಪ್ರೀ ವೆಡ್ಡಿಂಗ್ ಶೂಟಿಗೆ ಎಷ್ಟಾಗುತ್ತೆ. ರಾಣಿ ಕೊನೆಗೆ ಏನಾದಳು ಅಂತ ಒಬ್ಬರೂ ಕೇಳಲಿಲ್ಲ.

ಮೂಲೆಯಲ್ಲಿ ಹೊನ್ನಾವರದವರೇ ಒಬ್ಬರು ಹಿರಿಯರು ಕೂತಿದ್ದರು. ದುಡ್ಡು ಕೊಟ್ಟು ತಮ್ಮೂರಿನ ಕತೆ ಕೇಳಲು ಬಂದವರು. ಅವರು ಮೆಲ್ಲಗೆ, “ಅಲ್ಲ ಮಾರಾಯ್ರೆ, ಶರಾವತಿ ಸುದ್ದಿಯೇ ಇಲ್ವಲ್ಲ?” ಅಂದರು.

“ಅದು ಅಡ್ವಾನ್ಸ್ಡ್ ಮಾಡ್ಯೂಲ್ ಅಂಕಲ್.”

ಬೆಂಗಳೂರಿನವರಿಗೆ ಅದೇ ಒಂದನೇ ಪಾಠ ಆಗಬೇಕಿತ್ತು. ಹೊನ್ನಾವರದಲ್ಲಿ ಕಡಲು ಸೇರುವ ನದಿಗೆ 1964ರಲ್ಲಿ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಕಟ್ಟಿ, ಆ ಕರೆಂಟಿನಲ್ಲಿ ನಾವು ಬೆಳಕು ಮಾಡಿಕೊಂಡೆವು. 2019ರಲ್ಲಿ ಆ ನೀರನ್ನೇ ಬೆಂಗಳೂರಿಗೆ ಏರಿಸುವ ಮಾತು ಬಂದು ಮಲೆನಾಡಿನ ಜನ ಬೀದಿಗಿಳಿದರು. ಊರಿನ ಹೆಸರು ಕಲಿಯುವ ಮೊದಲೇ ಅದರ ಹೊಳೆಗೆ ಸ್ಟ್ರಾ ಹಾಕಲು ಹೊರಟವರು ನಾವು.

ಹಿರಿಯರು ಬಿಡಲಿಲ್ಲ. “ಹೋಗಲಿ, ನಮ್ಮೂರ ಪಕ್ಕದ ಕಾಸರಕೋಡು ಟೊಂಕದಲ್ಲಿ ಬಂದರು ಬೇಡ ಅಂತ ಮೀನುಗಾರರು ವರ್ಷಗಟ್ಟಲೆ ಹೋರಾಡ್ತಾ ಇದ್ದಾರಲ್ಲ, ಅದು?”

“ಅದು ಹಿಸ್ಟರಿ ಅಲ್ಲ ಅಂಕಲ್, ಕರೆಂಟ್ ಅಫೇರ್ಸ್. ನಮ್ಮ ಸ್ಕೋಪಲ್ಲಿ ಇಲ್ಲ.” ಟೊಂಕದ ಪಕ್ಕದ ಬೀಚಿಗೆ 2020ರಲ್ಲಿ ಸ್ವಚ್ಛ ಕಡಲತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿದ್ದು ಮಾತ್ರ ಸ್ಕೋಪಿನಲ್ಲಿತ್ತು. ಚಪ್ಪಾಳೆಯೂ ಬಿತ್ತು.

ಮುಂದಿನ ತಿಂಗಳು ‘ಫೀಲ್ಡ್ ವಿಸಿಟ್’ ಅಂತೆ. ಬಸ್ಸು ಮೆಜೆಸ್ಟಿಕ್‌ನಿಂದ ಹೊರಡುತ್ತದೆ. ಆ ಬಸ್ ನಿಲ್ದಾಣ ಇರುವ ಜಾಗದಲ್ಲಿ ಧರ್ಮಾಂಬುಧಿ ಕೆರೆ ಇತ್ತು ಅಂತ ಹೇಳುವ ಕೋರ್ಸು ಮಾತ್ರ ನಮ್ಮಲ್ಲಿ ಇನ್ನೂ ಬಂದಿಲ್ಲ. ಅದನ್ನು ಬಹುಶಃ ಹೊನ್ನಾವರದಲ್ಲಿ ಯಾರಾದರೂ ಶುರು ಮಾಡಬೇಕು.

ಕೊನೆಗೆ ಸರ್ಟಿಫಿಕೇಟ್ ವಿತರಣೆ. ಚಿನ್ನದ ಬಣ್ಣದ ಅಂಚು, ನಡುವೆ ದಪ್ಪ ಅಕ್ಷರ: ‘ಕಡಲತೀರದ ಹೊನ್ನಾಳಿಯ ಸ್ಥಳೀಯ ಇತಿಹಾಸ ತಜ್ಞರು.’ ಹಿರಿಯರು ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದರು. “ಹೊನ್ನಾಳಿ ದಾವಣಗೆರೆ ಜಿಲ್ಲೆ ಅಲ್ವೇನಪ್ಪಾ?”

ಹುಡುಗ ತಲೆ ಕೆರೆದುಕೊಂಡ. “ಎಲ್ಲಾ ಪ್ರಿಂಟ್ ಆಗಿಬಿಟ್ಟಿದೆ ಅಂಕಲ್. ಒಂದು ಕೆಲಸ ಮಾಡೋಣ, ಮುಂದಿನ ಬ್ಯಾಚಿಗೆ ಹೊನ್ನಾಳಿನೇ ಇಟ್ಕೊಳ್ಳೋಣ.”

“ಅಲ್ಲಿ ಬೀಚ್ ಚೆನ್ನಾಗಿದೆಯಾ?” ಯಾರೋ ಕೇಳಿದರು.

ತುಂಗಭದ್ರಾ ಹೊಳೆ ಇದೆ ಅಂದೆ. ರಿವರ್‌ಫ್ರಂಟ್ ಪ್ಯಾಕೇಜಿಗೆ ಹೆಸರು ಬರೆಸಲು ಆಗಲೇ ಕ್ಯೂ ನಿಂತಿತ್ತು.