ಗುಂಡಿಗೆ ನಂಬರ್ ಪ್ಲೇಟ್ ಇರಲಿಲ್ಲ

ಪುನರ್ವಸು ಮಳೆಯಲ್ಲಿ ನಾನು ಬಿದ್ದೆ. ಮಲೆನಾಡಿನಲ್ಲಿ ಇದೇನೂ ಸುದ್ದಿಯಲ್ಲ. ಅಕ್ಕನ ಮನೆಯಿಂದ ಶಿವಮೊಗ್ಗಕ್ಕೆ ಸ್ಕೂಟರಿನಲ್ಲಿ ಬರುತ್ತಿದ್ದೆ. ಯಾವ ರಸ್ತೆ ಅಂತ ಹೇಳುವುದಿಲ್ಲ. ತೀರ್ಥಹಳ್ಳಿಯವರು, ಹೊಸನಗರದವರು, ಸಾಗರದವರು ಎಲ್ಲರೂ ನಮ್ಮದೇ ರಸ್ತೆ ಅಂದುಕೊಳ್ಳುತ್ತಾರೆ, ಅಂದುಕೊಳ್ಳಲಿ. ರಸ್ತೆ ಮೇಲೆ ನೀರು ನಿಂತಿತ್ತು. ನೀರಿನ ಕೆಳಗೆ ರಸ್ತೆ ಇದೆ ಅಂತ ನಂಬಿದೆ. ತಪ್ಪಾಗಿದ್ದು ಅಲ್ಲೇ. ಎಡಗೈ ಮೂಳೆ ಎರಡು ಕಡೆ ಮುರಿಯಿತು. ಅಕ್ಕ ಕೊಟ್ಟಿದ್ದ ಕಳಲೆ ಉಪ್ಪಿನಕಾಯಿ ಬಾಟಲಿಯೂ ಹೋಯಿತು.

ಮೊದಲು ಓಡಿ ಬಂದವರು ಎತ್ತಿದರು, ನೀರು ಕೊಟ್ಟರು, ಆಮೇಲೆ ಬೈದರು. "ಇಲ್ಲಿ ಗುಂಡಿ ಇರೋದು ಗೊತ್ತಿಲ್ವಾ ನಿಮಗೆ?" ಊರಿಗೆಲ್ಲ ಗೊತ್ತಿರುವ ಗುಂಡಿಯಂತೆ. ನನಗೆ ನಾಚಿಕೆಯಾಯಿತು.

ಕಂಪ್ಲೇಂಟ್ ಕೊಡೋಣ ಅಂದರೆ, ತಿಳಿದವರೊಬ್ಬರು ಕಿವಿಯಲ್ಲಿ ಹೇಳಿದರು: ಬೇಡ, ಬೇರೆ ಗಾಡಿ ಇಲ್ಲ ಅಂದಮೇಲೆ ಅಜಾಗರೂಕ ಚಾಲನೆ ಅಂತ ನಿಮ್ಮ ಮೇಲೇ ಕೇಸ್ ಆಗುತ್ತೆ. ಭಾರತೀಯ ನ್ಯಾಯ ಸಂಹಿತೆಯ 281ನೇ ಸೆಕ್ಷನ್. ಅಂದರೆ ಬಿದ್ದವನೂ ನಾನೇ, ಬೀಳಿಸಿದವನೂ ನಾನೇ. ಅದ್ವೈತದ ಪೀಠವಿರುವ ಶೃಂಗೇರಿಯ ಪಕ್ಕದಲ್ಲೇ ಇದ್ದೇವೆ, ಆಶ್ಚರ್ಯವಿಲ್ಲ.

ಬ್ಯಾಂಡೇಜು ಸುತ್ತಿಕೊಂಡು ಪರಿಚಯದ ವಕೀಲರ ಹತ್ತಿರ ಹೋದೆ. ಅವರು ಮೊದಲು ಕೇಳಿದ್ದು, "ಯಾವ ಗಾಡಿ ಗುದ್ದಿತು?"

"ಗಾಡಿ ಅಲ್ಲ, ಗುಂಡಿ."

ವಕೀಲರ ಮುಖ ಬಾಡಿತು. "ಅಯ್ಯೋ, ಬಸ್ಸಾದರೂ ಗುದ್ದಿದ್ದರೆ!" ಅಂದರು. ಪ್ರೀತಿಯಿಂದಲೇ ಅಂದರು. ಬಸ್ಸಿಗೆ ನಂಬರ್ ಪ್ಲೇಟ್ ಇರುತ್ತದೆ, ಡ್ರೈವರ್ ಇರುತ್ತಾನೆ, ಮಾಲೀಕ ಇರುತ್ತಾನೆ, ಎಲ್ಲಕ್ಕಿಂತ ಮುಖ್ಯವಾಗಿ ವಿಮೆ ಇರುತ್ತದೆ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಿದರೆ ಆಸ್ಪತ್ರೆ ಖರ್ಚು, ಹೋದ ದುಡಿಮೆ, ಪಟ್ಟ ನೋವು ಎಲ್ಲಕ್ಕೂ ಲೆಕ್ಕ ಸಿಗುತ್ತದೆ. ನಮ್ಮ ಕಡೆಯ ಖಾಸಗಿ ಬಸ್ಸುಗಳು ಗುದ್ದಲು ಬೆಳಿಗ್ಗೆಯಿಂದ ಸಂಜೆವರೆಗೂ ತಯಾರಿರುತ್ತವೆ. ನಾನೇ ದಡ್ಡ, ಹೋಗಿ ಹೋಗಿ ಗುಂಡಿ ಆರಿಸಿಕೊಂಡೆ.

ನ್ಯಾಯಮಂಡಳಿಯಲ್ಲಿ ಮನುಷ್ಯನ ಬೆಲೆ ಕಟ್ಟಲು ಒಂದು ಕೋಷ್ಟಕವೂ ಇದೆ. ಸುಪ್ರೀಂ ಕೋರ್ಟ್ 2009ರಲ್ಲಿ ಸರಳಾ ವರ್ಮಾ ಪ್ರಕರಣದಲ್ಲಿ ಕೊಟ್ಟಿದ್ದು. ಜೀವ ಹೋದರೆ ಅಥವಾ ಅಂಗ ಊನವಾದರೆ ವರ್ಷದ ಆದಾಯ ನಷ್ಟವನ್ನು ವಯಸ್ಸಿಗೆ ತಕ್ಕ ಸಂಖ್ಯೆಯಿಂದ ಗುಣಿಸಬೇಕು. 25ರ ಹುಡುಗನಿಗೆ 18. ನನ್ನಂಥ 52ರವನಿಗೆ 11. 66 ದಾಟಿದವರಿಗೆ 5. ಮಂಡಿಯಲ್ಲಿ ಅಡಿಕೆಗೆ ದರ್ಜೆ ಪ್ರಕಾರ ಬೆಲೆ ಕಟ್ಟುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಹುಡುಗರು ಸರಕು, ನಾನು ರಾಶಿ, ಅಜ್ಜಂದಿರು ಗೊರಬಲು. ಆದರೆ ಗುಂಡಿಗೆ ಬಿದ್ದವನಿಗೆ ಆ ಮಂಡಿಯ ಬಾಗಿಲೇ ತೆರೆಯುವುದಿಲ್ಲ.

"ನನ್ನ ಸ್ಕೂಟರಿಗೂ ವಿಮೆ ಇದೆಯಲ್ಲ, ಮಾಲೀಕನಿಗೆ 15 ಲಕ್ಷ ಅಂತ ಬರೆದಿದೆ?"

"ಇದೆ. ಒಂದು ಕೈ ಪೂರ್ತಿ ಹೋದರೆ ಅದರಲ್ಲಿ ಅರ್ಧ. ಎರಡೂ ಹೋದರೆ ಪೂರ್ತಿ."

"ಮುರಿದರೆ?"

"ಮುರಿದಿದ್ದು ಕೂಡಿಕೊಳ್ಳುತ್ತಲ್ಲ."

ನನ್ನ ಕೈಯ ಮೇಲೆ ನನಗೇ ಸಿಟ್ಟು ಬಂತು. ಯಾವ ಕೆಲಸವನ್ನೂ ಪೂರ್ತಿ ಮಾಡುವುದಿಲ್ಲ.

ಆಗ ಹಿಟ್ ಅಂಡ್ ರನ್ ನೆನಪಾಯಿತು. ಗುದ್ದಿ ಓಡಿಹೋದ ಗಾಡಿ ಯಾವುದು ಅಂತ ಪತ್ತೆಯಾಗದಿದ್ದರೆ ಸರ್ಕಾರದ ಯೋಜನೆಯಲ್ಲಿ ತೀವ್ರ ಗಾಯಕ್ಕೆ 50 ಸಾವಿರ, ಸಾವಿಗೆ 2 ಲಕ್ಷ ಸಿಗುತ್ತದೆ. ಮೂಳೆ ಮುರಿದರೆ ಕಾನೂನಿನ ಲೆಕ್ಕದಲ್ಲಿ ತೀವ್ರ ಗಾಯವೇ. ವಕೀಲರು ತಲೆ ಅಲ್ಲಾಡಿಸಿದರು. "ನಿಮ್ಮ ಗುಂಡಿ ಹಿಟ್ ಮಾಡಿದೆ, ರನ್ ಮಾಡಿಲ್ಲ. ಪಾಪ, ಅಲ್ಲೇ ನಿಂತಿದೆ." ಪ್ರಾಮಾಣಿಕತೆಗೆ ಬೆಲೆ ಇಲ್ಲ ಅನ್ನುವುದು ಇದಕ್ಕೇ.

ಸಿವಿಲ್ ದಾವೆ ಹಾಕಬಹುದು, ಹೈಕೋರ್ಟಿಗೂ ಹೋಗಬಹುದು. ಅದಕ್ಕೆ ರಸ್ತೆ ಯಾರದ್ದು ಅಂತ ಗೊತ್ತಾಗಬೇಕು. ಹೆದ್ದಾರಿಯವರು ಲೋಕೋಪಯೋಗಿಯವರ ಕಡೆ, ಅವರು ಪಂಚಾಯಿತಿ ಕಡೆ, ಪಂಚಾಯಿತಿಯವರು ಆಕಾಶದ ಕಡೆ ಕೈ ತೋರಿಸಿದರು. ಆಗುಂಬೆಯಲ್ಲಿ ವರ್ಷಕ್ಕೆ 7,600 ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ, ಆರೋಪಿ ಸ್ಥಾನದಲ್ಲಿ ನಿಲ್ಲಿಸಲು ಅಷ್ಟು ಸಾಕು. ಜೊತೆಗೆ, ಸರ್ಕಾರದ ಮೇಲೆ ದಾವೆ ಹಾಕುವ ಮೊದಲು ಎರಡು ತಿಂಗಳ ನೋಟಿಸ್ ಕೊಡಬೇಕಂತೆ. ಗುಂಡಿ ನನಗೆ ಎರಡು ಸೆಕೆಂಡಿನ ನೋಟಿಸೂ ಕೊಟ್ಟಿರಲಿಲ್ಲ.

ಇಷ್ಟಾದ ಮೇಲೆ ವಕೀಲರು ಮೆಲ್ಲಗೆ ಇನ್ನೊಂದು ಪುಟ ತೆಗೆದರು. ಮೋಟಾರು ವಾಹನ ಕಾಯ್ದೆಯ 198ಎ, 2019ರ ತಿದ್ದುಪಡಿಯಲ್ಲಿ ಬಂದಿದ್ದು. ರಸ್ತೆ ಸರಿಯಾಗಿ ಮಾಡದೆ, ನಿರ್ವಹಿಸದೆ ಯಾರಾದರೂ ಸತ್ತರೆ ಅಥವಾ ಅಂಗ ಊನವಾದರೆ ಗುತ್ತಿಗೆದಾರನಿಗೋ ಅಧಿಕಾರಿಗೋ 1 ಲಕ್ಷದವರೆಗೆ ದಂಡ. ನನ್ನ ಕಣ್ಣು ಅರಳಿತು. ದಂಡದ ದುಡ್ಡು ಬಿದ್ದವನಿಗಲ್ಲ, ಒಂದು ನಿಧಿಗೆ ಅಂದರು. ಕಣ್ಣು ಮುಚ್ಚಿತು.

ಸ್ವಾರಸ್ಯ ಇರುವುದು ಅದರ ಮುಂದೆ. ದಂಡ ಹಾಕುವ ಮೊದಲು ಕೋರ್ಟು ಕೆಲವು ಸಂಗತಿ ನೋಡಬೇಕು. ಅದರಲ್ಲಿ ಒಂದು, ರಸ್ತೆ ಯಾವ ಸ್ಥಿತಿಯಲ್ಲಿರುತ್ತದೆ ಅಂತ ಅದನ್ನು ಬಳಸುವವರು ನಿರೀಕ್ಷಿಸಿದ್ದರು ಅನ್ನುವುದು. ಈಗ ನೀವೇ ಹೇಳಿ, ಆಷಾಢದಲ್ಲಿ ಮಲೆನಾಡಿನ ಮನುಷ್ಯ ರಸ್ತೆಯಿಂದ ಏನು ನಿರೀಕ್ಷಿಸುತ್ತಾನೆ? ಕಟಕಟೆಯಲ್ಲಿ ನಿಲ್ಲಿಸಿ ಪ್ರಮಾಣ ಮಾಡಿಸಿದರೆ ನಾನು ಸುಳ್ಳು ಹೇಳಲಾರೆ. ಏನೂ ನಿರೀಕ್ಷಿಸಿರಲಿಲ್ಲ ಸ್ವಾಮಿ. ಅಲ್ಲಿಗೆ ಕೇಸು ಮುಗಿಯಿತು, ಅಲ್ವಾ?

ಇನ್ನೊಂದು ಸಂಗತಿ, ರಿಪೇರಿ ಆಗದಿದ್ದರೆ ಎಚ್ಚರಿಕೆ ಫಲಕ ಇತ್ತೇ ಅನ್ನುವುದು. ನಾನು ಬಿದ್ದ ವಾರವೇ ಊರ ಹುಡುಗರು ಪ್ರತಿಭಟನೆ ಅಂತ ಗುಂಡಿಯಲ್ಲಿ ಬಾಳೆಗಿಡ ನೆಟ್ಟಿದ್ದರು. ಫೋಟೋ ತೆಗೆಸಿಕೊಂಡರು, ಪೇಪರಿನಲ್ಲೂ ಬಂತು. ಇಲಾಖೆಯವರು ಅದನ್ನು ಕಿತ್ತಿರಲಿಲ್ಲ. ಯಾಕೆ ಕೀಳಲಿಲ್ಲ ಅಂತ ಈಗ ಅರ್ಥವಾಯಿತು. ಖರ್ಚಿಲ್ಲದ ಎಚ್ಚರಿಕೆ ಫಲಕ, ಅದೂ ಹಸಿರು ಬಣ್ಣದ್ದು.

ಸಾಕ್ಷಿಗಾದರೂ ಗುಂಡಿಯ ಉದ್ದ ಅಗಲ ಅಳೆದು ಫೋಟೋ ತೆಗೆಯೋಣ ಅಂತ ವಕೀಲರನ್ನು ಕರೆದುಕೊಂಡು ಹೋದೆ. ಗುಂಡಿ ಇಲ್ಲ! ಹಿಂದಿನ ದಿನ ಮಂತ್ರಿಗಳು ಆ ದಾರಿಯಲ್ಲಿ ಹೋಗಿದ್ದರಂತೆ, ರಾತ್ರೋರಾತ್ರಿ ಜಲ್ಲಿಪುಡಿ ಸುರಿದು ಮುಚ್ಚಿದ್ದಾರೆ. ಬಾಳೆಗಿಡ ಪಕ್ಕದ ಟೀ ಅಂಗಡಿಯ ಹಿತ್ತಲಿಗೆ ಹೋಗಿದೆ. ನನಗೆ ಒಳಗೊಳಗೇ ಖುಷಿಯಾಯಿತು.

"ಈಗ ಗುಂಡಿ ಓಡಿಹೋಯಿತಲ್ಲ ಸಾರ್. 50 ಸಾವಿರ ಕೇಳಬಹುದಾ?"

ವಕೀಲರು ಕೊಡೆ ಬಿಚ್ಚಿದರು. ಆಶ್ಲೇಷ ಮಳೆ ಹನಿಯಲು ಶುರುವಾಗಿತ್ತು.

"ನಾಲ್ಕು ದಿನ ತಡೆಯಿರಿ," ಅಂದರು. "ಆರೋಪಿ ತಾನಾಗಿಯೇ ವಾಪಸ್ ಬರುತ್ತಾನೆ."