ಮಂದೆಯೂ ಮಂದಿಯೂ

ಚಿತ್ರದುರ್ಗದಿಂದ ಚಳ್ಳಕೆರೆಗೆ ಹೊರಟಿದ್ದ ನಮ್ಮ ಬಸ್ಸು ಮೊನ್ನೆ ನಡುದಾರಿಯಲ್ಲಿ ನಿಂತಿತು. ಎದುರಿಗೆ ಕುರಿಗಳು ರಸ್ತೆ ತುಂಬಿಕೊಂಡಿದ್ದವು. ಹೆಗಲಿಗೆ ಕಂಬಳಿ ಹಾಕಿದ್ದ ಕುರಿಗಾಹಿಯ ಕಂಕುಳಲ್ಲಿ ಇನ್ನೂ ಮೈ ಒಣಗದ ಮರಿಯೊಂದಿತ್ತು. ಕಂಡಕ್ಟರ್ ಚಾಲಕನಿಗೆ “ಮಂದೆ ದಾಟ್ಲಿ ತಡಿಯಣ್ಣ” ಎಂದವನೇ ನಮ್ಮ ಕಡೆ ತಿರುಗಿ, “ಇನ್ನೂ ಎಷ್ಟು ಮಂದಿ ಟಿಕೆಟ್ ತಗೋಬೇಕು?” ಎಂದು ಕೂಗಿದ.

ಮಂದೆ, ಮಂದಿ ಇವೆರಡೂ ಒಡಹುಟ್ಟಿದ ಪದಗಳೆಂದೇ ನನ್ನ ನಂಬಿಕೆ. ನಮ್ಮ ನೆರೆಯ ತೆಲುಗಿನಲ್ಲಿಯೂ ಕುರಿಗಳಾದರೆ ‘ಮಂದ’, ಮನುಷ್ಯರಾದರೆ ‘ಮಂದಿ’. ಮೊಳಕಾಲ್ಮೂರಿನ ಕಡೆಯವರಂತೂ ಎರಡು ಭಾಷೆಗಳ ನಡುವೆ ಈ ಪದವನ್ನು ಸುಂಕವಿಲ್ಲದೆ ಸಾಗಿಸುತ್ತಾರೆ. ತಮಿಳಿನ ‘ಮಂದೈ’ ಹಿಂಡೂ ಹೌದು, ಊರ ಮುಂದಿನ ಬಯಲೂ ಹೌದು. ಅಲ್ಲಿಯ ‘ಮನ್ರಂ’ ಎಂದರೆ ಸಭೆ. ನೀಲಗಿರಿಯ ತೋಡ ಬುಡಕಟ್ಟಿನವರ ಹಟ್ಟಿಯನ್ನು ‘ಮಂದು’ ಎನ್ನುತ್ತಾರೆ. ಈಗ ಉದಕಮಂಡಲವೆಂದು ಸಂಸ್ಕೃತದ ಉಡುಪು ತೊಟ್ಟಿರುವ ಊಟಿಯ ಹಳೆಯ ಹೆಸರು ‘ಊಟಕಮಂಡ್’‌ನ ಬಾಲದಲ್ಲಿರುವುದೂ ಇದೇ. ದಾವಣಗೆರೆಯ ಮಂಡಿಪೇಟೆಯ ‘ಮಂಡಿ’ ಮಾತ್ರ ಉತ್ತರದಿಂದ ಬಂದ ವ್ಯಾಪಾರಿ, ಈ ಮನೆತನದವನಲ್ಲ.

ಹೀಗೆ ನೋಡಿದರೆ ಈ ಪದದೊಳಗೆ ಸಂಖ್ಯೆಗಿಂತ ಮೊದಲು ಜಾಗವೊಂದಿದ್ದಂತೆ ಕಾಣುತ್ತದೆ. ಹಿಂಡು ಎಲ್ಲಿ ಬೇಕಾದರೂ ಅಲೆಯಬಹುದು; ಮಂದೆಗಾದರೋ ರಾತ್ರಿ ತಂಗುವ ನೆಲ ಬೇಕು. ಕೊಯ್ಲು ಮುಗಿದ ಎರೆಹೊಲದಲ್ಲಿ ಕುರಿ ಮಂದೆ ನಿಲ್ಲಿಸಿಕೊಳ್ಳುವ ರೈತ ಕಾಳನ್ನೋ ಹಣವನ್ನೋ ಕೊಟ್ಟು ಗೊಬ್ಬರ ಪಡೆಯುತ್ತಾನೆ. ಬೆಳಗಾದ ಮೇಲೆ ಆ ಹೊಲಕ್ಕೆ ಕಾಲಿಟ್ಟವರಿಗೆ ಮಂದೆ ಎಷ್ಟು ಅಗಲ ಮಲಗಿತ್ತೆಂಬುದನ್ನು ಹಿಕ್ಕೆಗಳೇ ಹೇಳುತ್ತವೆ.

ಮಂದಿಯ ವ್ಯಾಕರಣವೂ ವಿಚಿತ್ರವಾದದ್ದು. ಬರೆಯುವಾಗ ನಾವು “ಮಂದಿ ಬಂದರು” ಎಂದು ಗೌರವದಿಂದ ಬರೆಯುತ್ತೇವೆ. ಜಾತ್ರೆಯಿಂದ ಮರಳಿದವರು “ಮಂದಿ ಬಾಳ ಕೂಡಿತ್ತು” ಎಂದು, ಕುರಿಗೆ ಹಚ್ಚುವ ಕ್ರಿಯಾಪದವನ್ನೇ ಮನುಷ್ಯರಿಗೂ ಹಚ್ಚಿಬಿಡುತ್ತಾರೆ. “ಮಂದಿ ಏನಂದಾರು?” ಎಂದು ಹೆದರುವಾಗ ಆ ಮಂದಿಯಲ್ಲಿ ನಾವು ಇರುವುದಿಲ್ಲ, ಬಸ್ಸಿನಲ್ಲಿ ಸೀಟು ಸಿಗದಿದ್ದಾಗಲೂ ಮಂದಿ ಎಂದರೆ ಉಳಿದವರೇ. ಇನ್ನು ಎಣಿಕೆಯಲ್ಲಿ ಮೂರು ಮಂದಿ, ಹತ್ತು ಮಂದಿ, ನೂರು ಮಂದಿ ಎಲ್ಲವೂ ಸಲ್ಲುತ್ತವೆ, ‘ಒಂದು ಮಂದಿ’ ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ.

ಕೊನೆಯ ಕುರಿ ರಸ್ತೆ ದಾಟಿತು. ಕಂಡಕ್ಟರ್ ನನ್ನ ಸೀಟಿನ ಬಳಿಗೆ ಬಂದು, “ಎಷ್ಟು ಮಂದಿ ಸರ್?” ಎಂದ.

“ಒಬ್ಬನೇ” ಎಂದೆ.